ಫೆಲೋಶಿಪ್ ಪ್ರವಾಸ ಮುಗಿಸಿ ಬಂದವರ ಕಲಿಕೆ ಊರಿನಲ್ಲಿ ಉಳಿಯುವುದು ಹೇಗೆ?

ಲೀಡ್ಸ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಯಸ್ಸಾದವರ ವಾರ್ಡಿನಲ್ಲಿ ನರ್ಸ್. ನಮ್ಮ ಜೊತೆ ಕೆಲಸ ಮಾಡುವ ಒಬ್ಬರಿಗೆ ಚರ್ಚಿಲ್ ಫೆಲೋಶಿಪ್ ಸಿಕ್ಕಿದೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಚರ್ಚಿಲ್ ತೀರಿಕೊಂಡ 1965ರಲ್ಲಿ ಜನರ ದೇಣಿಗೆಯಿಂದ ಶುರುವಾದದ್ದು ಇದು. ಬ್ರಿಟನ್ನಿನವರು ಹೊರದೇಶಕ್ಕೆ ಹೋಗಿ, ಕೆಲವು ವಾರ ಇದ್ದು, ಒಂದು ವಿಷಯ ಕಲಿತು ಬರಬಹುದು. ಡಿಗ್ರಿ ಇರಲೇಬೇಕು ಅಂತೇನಿಲ್ಲ. ಇವರು ಜಪಾನಿಗೆ ಹೊರಟಿದ್ದಾರೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರನ್ನು ಅಲ್ಲಿನ ಊರಿನವರೇ ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು ವಿಷಯ.

ಇದು ಒಂದು ವರದಿಯಲ್ಲಿ ಮುಗಿದು ಹೋಗಬಾರದು ಅಂತ ನನ್ನ ಆಸೆ. ಮಕ್ಕಳ ಜೊತೆ ಇರಲು ಬಂದ ಕನ್ನಡದ ಹಿರಿಯರೂ ಇಲ್ಲಿದ್ದಾರೆ. ಮರೆವು ಜಾಸ್ತಿಯಾದಂತೆ ಕಲಿತ ಇಂಗ್ಲಿಷ್ ಜಾರಿ ಹೋಗಿ ಕನ್ನಡವೊಂದೇ ಉಳಿದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಅವರಿಗೂ ಇದರ ಫಲ ಸಿಗಬೇಕು. ನಾವು ಏನು ಮಾಡಬಹುದು?

ಸಾಗರದವನು, ಬರ್ಮಿಂಗ್‌ಹ್ಯಾಂ:
ಅಕ್ಕ, ಹೀಗೆ ಹೋಗಿ ಬಂದವರ ಜೊತೆ ವರ್ಷಗಳಿಂದ ಓಡಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಹೊರಡುವವರ ತಲೆ ತುಂಬ ವೀಸಾ, ದುಭಾಷಿ, ಭೇಟಿಯ ಪಟ್ಟಿ. ಬಂದ ಮೇಲೆ ಇದನ್ನು ಊರಿನಲ್ಲಿ ಯಾರು ಕೈಗೆತ್ತಿಕೊಳ್ಳುತ್ತಾರೆ ಅಂತ ಕೇಳುವವರೇ ಇರುವುದಿಲ್ಲ. ಟಿಕೆಟ್ ತೆಗೆಯುವ ಮೊದಲೇ ಆ ಜನರನ್ನು ಹುಡುಕಿ. ಒಬ್ಬ ಲೈಬ್ರರಿಯವರು, ಒಬ್ಬ ಅಂಗಡಿಯವರು, ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರುವ ಒಬ್ಬ ಮಗಳು. "ಅಲ್ಲಿ ಏನು ನೋಡಿಕೊಂಡು ಬರಲಿ?" ಅಂತ ಅವರನ್ನೇ ಕೇಳಲಿ. ತಾವು ಕೇಳಿದ್ದಕ್ಕೆ ಉತ್ತರ ಬಂದಾಗ ಜನ ಕೂತು ಕೇಳುತ್ತಾರೆ.

ಜಪಾನಿನ ವಿಷಯವೇ ಒಳ್ಳೆಯ ಉದಾಹರಣೆ. ಅಲ್ಲಿ 2005ರಲ್ಲಿ ಡಿಮೆನ್ಷಿಯಾ ಸಪೋರ್ಟರ್ ತರಬೇತಿ ಶುರುವಾಯಿತು. ಸುಮಾರು 90 ನಿಮಿಷದ ಪಾಠ, ಕೊನೆಗೆ ಕೈಗೊಂದು ಕಿತ್ತಳೆ ಬಣ್ಣದ ಪಟ್ಟಿ ಕೊಡುತ್ತಿದ್ದರು. ಬ್ಯಾಂಕಿನವರು, ಸೂಪರ್‌ಮಾರ್ಕೆಟ್ಟಿನವರು, ಶಾಲೆಯ ಮಕ್ಕಳು ಎಲ್ಲರೂ ಕಲಿತರು. ಹೀಗೆ ಕಲಿತವರು ಈಗ 1 ಕೋಟಿ ದಾಟಿದ್ದಾರೆ. ಇಂಗ್ಲೆಂಡಿನ ಅಲ್ಜೈಮರ್ಸ್ ಸೊಸೈಟಿ ಅನ್ನುವ ಸೇವಾ ಸಂಸ್ಥೆ ಇದನ್ನೇ ನೋಡಿ 2013ರಲ್ಲಿ ಡಿಮೆನ್ಷಿಯಾ ಫ್ರೆಂಡ್ಸ್ ಶುರು ಮಾಡಿತು. ಅಲ್ಲಿಯದನ್ನು ಹಾಗೆಯೇ ಎತ್ತಿ ತರಲಿಲ್ಲ. ಪಾಠ ಚಿಕ್ಕದಾಯಿತು, ಪಟ್ಟಿ ಹೋಗಿ ನೀಲಿ ಹೂವಿನ ಬ್ಯಾಡ್ಜ್ ಬಂತು, ಹೇಳಿಕೊಡುವ ಕೆಲಸ ಸ್ವಯಂಸೇವಕರದಾಯಿತು. ಗಿರಾಕಿಯೊಬ್ಬರು ದುಡ್ಡು ಎಣಿಸಲಾಗದೆ ನಿಂತರೆ ಕೌಂಟರಿನವರಿಗೆ ಏನು ಮಾಡಬೇಕು ಅಂತ ಗೊತ್ತಿರಬೇಕು ಅನ್ನುವ ತಿರುಳು ಮಾತ್ರ ಉಳಿಯಿತು. ನಿಮ್ಮವರೂ ಇಂಥ ಒಂದೇ ಒಂದು ತಿರುಳು ತರಲಿ, ಸಾಕು.

ಇನ್ನೊಂದು. ಮ್ಯಾನೇಜರ್ ಹತ್ತಿರ ಈಗಲೇ ಮಾತಾಡಿಸಿ. ಬಂದ ಮೇಲೆ ವಾರದಲ್ಲಿ ಅರ್ಧ ದಿನವಾದರೂ ಇದಕ್ಕೇ ಬೇಕು. ರೋಟಾದಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಬರೆಯದ ಸಮಯ ಯಾವತ್ತೂ ಸಿಗುವುದಿಲ್ಲ. ನಿಮಗೇ ಗೊತ್ತಲ್ವಾ?

ಧಾರವಾಡ ಮಂದಿ:
ಅಣ್ಣಾರು ಹೇಳಿದ್ದು ಖರೆ. ಆದರೆ ಒಂದು ಮಾತು. ಜಪಾನಿನಲ್ಲಿ 2000ದಿಂದ ಹಿರಿಯರ ಆರೈಕೆಗೆ ಅಂತಲೇ ವಿಮೆ ಇದೆ. 40 ದಾಟಿದವರೆಲ್ಲ ಅದಕ್ಕೆ ದುಡ್ಡು ಕಟ್ಟುತ್ತಾರೆ. ಆ ಬೆಂಬಲ ಇರುವುದರಿಂದಲೇ ಊರಿನವರ ಸಣ್ಣ ಸಹಾಯ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಹಿಂದೆ ಯಾವ ವ್ಯವಸ್ಥೆ ನಿಂತಿದೆ ಅಂತ ನಿಮ್ಮವರು ವಿಚಾರಿಸಿ ಬರಲಿ. ಇಲ್ಲದಿದ್ದರೆ ಸುಮ್ನೆ ಬ್ಯಾಡ್ಜ್ ಹಂಚಿದಂತಾಗುತ್ತದೆ.

ಸಾಗರದವನು, ಬರ್ಮಿಂಗ್‌ಹ್ಯಾಂ:
ಒಪ್ಪಿದೆ ಸರ್. ಅದಕ್ಕೇ ಅವರು ಪಾಠ ನಡೆಸುವವರನ್ನು ಮಾತ್ರವಲ್ಲ, ಮನೆಯಲ್ಲಿ ಆರೈಕೆ ಮಾಡುವವರನ್ನೂ ಭೇಟಿಯಾಗಬೇಕು. ಕನ್ನಡದ ಹಿರಿಯರ ವಿಷಯಕ್ಕೆ ಬಂದರೆ, ಯುಗಾದಿ, ದೀಪಾವಳಿಗೆ ಸೇರುವಾಗ ಭಾಷಣ ಬೇಡ. ಊಟದ ಹೊತ್ತಿಗೆ ಒಂದು ಮೇಜಿನ ಸುತ್ತ ನಾಲ್ಕು ಮನೆಯವರು ಕೂರಲಿ. ಮಾತು ಕನ್ನಡದಲ್ಲೇ ಆಗಲಿ. "ನಮ್ಮತ್ತೆಗೂ ಹೀಗೇ ಆಗುತ್ತಿದೆ" ಅಂತ ಒಬ್ಬರು ಬಾಯಿ ಬಿಟ್ಟರೆ ಉಳಿದವರೂ ಬಿಡುತ್ತಾರೆ. ಬೇರೆಯವರಿಗೆ ಗೊತ್ತಾದೀತು ಅನ್ನುವ ಹೆದರಿಕೆ ನಮ್ಮಲ್ಲಿ ಬಹಳ.

ಲೀಡ್ಸ್ ಕನ್ನಡತಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮ್ಯಾನೇಜರ್ ಜೊತೆ ಈ ವಾರವೇ ಮಾತಾಡುತ್ತೇವೆ. ವಿಮೆಯ ಪ್ರಶ್ನೆಯನ್ನು ಅವರ ಪಟ್ಟಿಗೆ ಸೇರಿಸಿದೆ. ಸಾಗರದ ಅಣ್ಣ, ನಿಮ್ಮ ಕಡೆ ಕನ್ನಡದಲ್ಲಿ ಹೀಗೆ ಕೂತು ಮಾತಾಡಿದ ಮನೆಯವರು ಇದ್ದರೆ, ಹೊರಡುವ ಮೊದಲು ಇವರ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಬಹುದೇ ಅಂತ ಕೇಳಿ ನೋಡುತ್ತೀರಾ?