ಓಡಿದಾಗ ಬರುವ ಉಬ್ಬಸಕ್ಕೆ ಕಾರಣ ಗಾಳಿಯ ತಂಪೋ, ಒಣತನವೋ?

ಪ್ರಶ್ನೆ:
ನನಗೆ ಬಾಲ್ಯದಿಂದಲೂ ಆಸ್ತಮಾ ಇದೆ. ಚಳಿಯ ಮುಂಜಾವಿನಲ್ಲಿ ಓಡಿ ನಿಂತ ಐದಾರು ನಿಮಿಷಕ್ಕೆ ಎದೆ ಬಿಗಿದುಕೊಂಡು, ಉಸಿರು ಬಿಡುವಾಗ ಸುಂಯ್‌ಗುಟ್ಟುವ ಸದ್ದು ಬರುತ್ತದೆ. ಬೆಚ್ಚಗಿನ ಕೊಳದಲ್ಲಿ ಅಷ್ಟೇ ಹೊತ್ತು ಈಜಿದರೆ ಏನೂ ಆಗುವುದಿಲ್ಲ. ಆದರೆ ಎ.ಸಿ. ಹಾಕಿದ ಜಿಮ್‌ನಲ್ಲಿ, ಅಂಥ ಚಳಿಯೇನೂ ಇಲ್ಲದಿದ್ದರೂ, ಮತ್ತದೇ ಉಬ್ಬಸ. ಇದು ಯಾಕೆ?

ಉತ್ತರ 1:
ಒಣತನದ ಪಾಲೇ ದೊಡ್ಡದು. ಎಂಥ ಗಾಳಿಯನ್ನು ಒಳಗೆಳೆದುಕೊಂಡರೂ ಅದು ಶ್ವಾಸಕೋಶದ ಆಳವನ್ನು ಮುಟ್ಟುವ ಹೊತ್ತಿಗೆ 37 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗಿ, ಲೀಟರಿಗೆ ಸುಮಾರು 44 ಮಿಲಿಗ್ರಾಂ ನೀರಾವಿಯನ್ನು ತುಂಬಿಕೊಂಡಿರುತ್ತದೆ. 0 ಡಿಗ್ರಿಯ ಗಾಳಿಯಲ್ಲಿ, ಶೇ 100 ಆರ್ದ್ರತೆಯಿದ್ದರೂ, 5 ಮಿಲಿಗ್ರಾಂ ಕೂಡ ಇರುವುದಿಲ್ಲ. 20 ಡಿಗ್ರಿಯ, ಶೇ 50 ಆರ್ದ್ರತೆಯ ಕೋಣೆಯಲ್ಲೂ 9ಕ್ಕಿಂತ ಕಡಿಮೆ. ನಿಮ್ಮ ಜಿಮ್‌ನ ಒಗಟು ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಕೊರತೆಯ ನೀರನ್ನು ಶ್ವಾಸನಾಳದ ಒಳಪದರವೇ ಕೊಡಬೇಕು. ಸುಮ್ಮನೆ ಕುಳಿತಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಸಾಕಾಗುವುದರಿಂದ ಮೂಗೇ ಈ ಕೆಲಸವನ್ನು ಬಹುಮಟ್ಟಿಗೆ ಮುಗಿಸುತ್ತದೆ. ಜೋರಾಗಿ ಓಡುವಾಗ ಬಾಯಿಯಿಂದ ಅದರ ಹತ್ತು ಪಟ್ಟು ನುಗ್ಗುವ ಗಾಳಿ ಒಳಗಿನ ಸಣ್ಣ ಕವಲುಗಳ ತೇವವನ್ನೂ ಹೀರುತ್ತದೆ. ಅಲ್ಲಿನ ತೆಳುದ್ರವದಲ್ಲಿ ಲವಣಾಂಶ ಗಟ್ಟಿಯಾದಾಗ ರೋಗನಿರೋಧಕ ವ್ಯವಸ್ಥೆಯ ಮಾಸ್ಟ್ ಕೋಶಗಳು ನಾಳವನ್ನು ಬಿಗಿಸುವ ರಾಸಾಯನಿಕಗಳಾದ ಹಿಸ್ಟಮಿನ್, ಲ್ಯೂಕೋಟ್ರೈಯೀನ್‌ಗಳನ್ನು ಹೊರಬಿಡುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಓಡದೆ, ಕುಳಿತಲ್ಲೇ ಒಣಗಾಳಿಯನ್ನು ರಭಸದಿಂದ ಉಸಿರಾಡಿದರೂ ಇದೇ ಆಗುತ್ತದೆ. ರೋಗವನ್ನು ಖಚಿತಪಡಿಸಿಕೊಳ್ಳಲು ಇಂಥದೊಂದು ಪರೀಕ್ಷೆಯೇ ಇದೆ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ತಂಪನ್ನು ಪೂರ್ತಿ ಬದಿಗೆ ಸರಿಸಲಾಗದು. ತಣ್ಣಗಾದ ನಾಳಗಳು ಓಟ ನಿಂತೊಡನೆ ಮತ್ತೆ ಬೆಚ್ಚಗಾಗುವಾಗ ಅಲ್ಲಿಯ ರಕ್ತನಾಳಗಳು ಹಿಗ್ಗಿ ಒಳಗೋಡೆ ಊದಿಕೊಳ್ಳುತ್ತದೆ ಎಂಬ ವಿವರಣೆಯೂ ಇದೆ. ನಾನು ಚಳಿಯಲ್ಲಿ ಮೂಗು, ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡೇ ಓಡುತ್ತೇನೆ. ಸ್ವಲ್ಪ ಹೊತ್ತಿಗೆ ಅದರ ಒಳಮಗ್ಗುಲು ಒದ್ದೆಯಾಗುತ್ತದೆ, ಹೊರಬಿಟ್ಟ ಉಸಿರಿನ ಅದೇ ತೇವ ಮುಂದಿನ ಉಸಿರಿನೊಂದಿಗೆ ಒಳಗೆ ಮರಳುತ್ತದೆ. ನನಗೆ ಇದರಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಉತ್ತರ 3:
ತೇವವಿದ್ದರೆ ಸಾಕು ಎಂದುಕೊಳ್ಳಬೇಡಿ. ದೇಹಕ್ಕಿಂತ ಬಿಸಿಯಾದ, ಆವಿ ತುಂಬಿದ ಗಾಳಿಯನ್ನು ವೇಗವಾಗಿ ಉಸಿರಾಡಿದಾಗಲೂ ಆಸ್ತಮಾ ಇರುವವರಲ್ಲಿ ಕೆಮ್ಮು, ಬಿಗಿತ ಕಾಣಿಸಿಕೊಳ್ಳಬಹುದು; ಅಲ್ಲಿ ಕೆರಳುವುದು ಶ್ವಾಸನಾಳದ ನರಗಳು. ಓಟಕ್ಕೆ ಮೊದಲು 10–15 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಓಡುವ ಕಾಲು ಗಂಟೆ ಮೊದಲು ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಬೇಕೇ ಎಂದು ವೈದ್ಯರನ್ನು ಕೇಳಿ. ಅದನ್ನು ದಿನವೂ ತೆಗೆದುಕೊಳ್ಳಬೇಕಾಗಿ ಬಂದರೆ ನಿಮ್ಮ ಆಸ್ತಮಾ ಹತೋಟಿಯಲ್ಲಿಲ್ಲವೆಂದೇ ಅರ್ಥ, ದಯವಿಟ್ಟು ಅದನ್ನು ಕಡೆಗಣಿಸಬೇಡಿ.