ನಾಸಿಕದ ವೈನ್ ತೋಟದ ಇನ್: ಫೋಟೋದಾಗ ಒಂದು, ಸಿಕ್ಕದ್ದು ಇನ್ನೊಂದು. ಯಾವುದಕ್ಕ ದುಡ್ಡು ವಾಪಸ್ ಕೇಳಬಹುದು?

ಮೈಂದರ್ಗಿ_ಓಣಿ

ದಸರಾ ಸೂಟಿಗೆ ನಾಸಿಕ ಹತ್ರ ಒಂದು ವೈನ್ ತೋಟದ ಇನ್ (ಉಳಕೊಳ್ಳೋ ಲಾಡ್ಜ್) ಆ್ಯಪ್‌ನಾಗ ಬುಕ್ ಮಾಡಿದ್ದು. ಹೆಸರು ಬ್ಯಾಡ. ಹೆಂಚಿನ ಮಾಡು, ಕರಿಕಲ್ಲಿನ ಗ್ವಾಡಿ, ಉದ್ದನ ವರಾಂಡಾ, ನೋಡ್ಲಿಕ್ಕ ಛಲೋನೇ ಅದ. ತಕರಾರು ಇವು:

ಫೋಟೋದಾಗ ವರಾಂಡಾ ಮುಂದ ಕರಿ ದ್ರಾಕ್ಷಿ ಗೊನಿ, ಅಲ್ಲಿ ನೋಡಿದ್ರ ಬರೀ ತಂತಿ, ಬೋಳು ಕಡ್ಡಿ. ಕೋಣೆ 5,800, ‘ತೋಟ ಕಾಣುವ ಕೋಣೆ’ ಅಂತ ರಾತ್ರಿಗೆ 1,200 ಮ್ಯಾಲ. ಕಿಟಕಿ ತೆಗೆದ್ರ ಜನರೇಟರ್ ಶೆಡ್. ಬಿಸಿನೀರು ಮುಂಜಾನೆ ಒಂದು ಬಕೆಟ್ ಬಂದು ನಿಂತುಬಿಡ್ತು. ಲಾನ್‌ನಾಗ ಯಾರದೋ ಪಾರ್ಟಿ, ನಡುರಾತ್ರಿ ದಾಟಿದ್ರೂ ಡಿಜೆ. ಟೇಸ್ಟಿಂಗ್‌ನಾಗ ಕೊಟ್ಟ ಕೆಂಪು ವೈನ್ ಹುಳಿ. ಬಿಲ್ಲಿಗೆ 10% ಸರ್ವಿಸ್ ಚಾರ್ಜ್, ವೈನ್ ಸೇರಿ ಎಲ್ಲಾದರ ಮ್ಯಾಲ 18% ಜಿಎಸ್‌ಟಿ.

ಇದ್ರಾಗ ಯಾವುದು ಕೇಳಿದ್ರ ನಿಲ್ಲತದ? ಮತ್ತ ಹೋಗೋದಿದ್ರ ಬುಕ್ ಮಾಡೋ ಮೊದಲು ಏನು ಕೇಳಬೇಕು?

ಸಂಖ_ಬಾಗಾಯತದಾರ

ಮೊದಲ ಬಳ್ಳಿ ಲೆಕ್ಕ ಬ್ಯಾರೆ, ಇನ್‌ನವರ ತಪ್ಪು ಬ್ಯಾರೆ ಮಾಡ್ರಿ. ಬೋಳು ಕಡ್ಡಿ ಮ್ಯಾಲ ಕೇಸ್ ನಿಲ್ಲೂದು ಕಷ್ಟ. ನಮ್ಮ ಜತ್ತ, ತಾಸಗಾಂವ ಕಡೆ ಇದ್ದಂಗ ನಾಸಿಕದಾಗೂ ವರ್ಷಕ್ಕ ಎರಡು ಚಾಟ್ನಿ (ಬಳ್ಳಿ ಕಡ್ಡಿ ಕತ್ತರಿಸೂದು), ಒಂದ ಬೆಳಿ. ಇಲ್ಲಿ ಥಂಡಿ ಸಾಕಾಗಂಗಿಲ್ಲ, ಬಳ್ಳಿ ತಾನಾಗೇ ಎಲಿ ಉದುರಿಸಿ ಮಲಗಂಗಿಲ್ಲ, ಅದಕ್ಕ ಕತ್ರಿ ಹಾಕಿ ಎಬ್ಬಸಬೇಕು. ಏಪ್ರಿಲ್ ಚಾಟ್ನಿ ಕಡ್ಡಿ ತಯಾರಾಗಾಕ, ಸೆಪ್ಟೆಂಬರ್-ಅಕ್ಟೋಬರ್ ಚಾಟ್ನಿ ಹಣ್ಣಿಗೆ. ನೀವು ಹೋಗಿದ್ದು ಸರಿಯಾಗಿ ಕತ್ರಿ ಹಾಕಿದ ಹೊತ್ತಿನಾಗ.

ಇನ್‌ಗೆ ಫೋನ್ ಮಾಡಿ ‘ಸೀಸನ್ ಐತೇನ್ರಿ’ ಅಂತ ಕೇಳಬ್ಯಾಡ್ರಿ, ಹೂಂ ಅಂತಾರ. ‘ಕೋಣೆ ಮುಂದಿನ ಪ್ಲಾಟಿಗೆ ಚಾಟ್ನಿ ಯಾವ ತಾರೀಖಿಗೆ ಆತು, ಯಾವ ಜಾತಿ’ ಅಂತ ಕೇಳ್ರಿ. ಆ ತಾರೀಖಿಗೆ ನಾಲ್ಕು-ನಾಲ್ಕೂವರಿ ತಿಂಗಳು ಕೂಡಸ್ರಿ, ಹಣ್ಣು ಕೊಯ್ಲಿಗೆ ಬಂದಿರತೈತಿ. ಶೆನಿನ್ ಬ್ಲಾಂಕ್, ಸೋವಿನ್ಯೋನ್ ಬ್ಲಾಂಕ್‌ನಂಥ ಬಿಳಿ ಜಾತಿ ಮೊದಲ ಹೋಗ್ತಾವು, ಶಿರಾಜ್, ಕ್ಯಾಬರ್ನೆ ಹಿಂದಿಂದ. ಕರಿ ಗೊನಿ ನೋಡಬೇಕಂದ್ರ ಜನವರಿ ಕಡೀಕಿಂದ ಮಾರ್ಚ್ ಮೊದಲ ವಾರ. ಕೊಯ್ಲು ನೋಡೂದಿದ್ರ ನಸುಕಿನಾಗ ಏಳ್ರಿ, ಬಿಸಲೇರಿದ ಮ್ಯಾಲ ವೈನ್ ಹಣ್ಣು ಕೊಯ್ಯೂದು ಕಡಿಮಿ.

ಇನ್ನೊಂದು. ಉದ್ದ ಕಾಳು, ಮೊಳದುದ್ದ ಗೊನಿ ಫೋಟೋ ಹಾಕಿದ್ರ ಅದು ತಿನ್ನೂ ಹಣ್ಣಿಂದು. ವೈನ್ ದ್ರಾಕ್ಷಿ ಸಣ್ಣ ಕಾಳು, ದಪ್ಪ ಸಿಪ್ಪಿ, ಒಳಗ ಬೀಜ. ಬ್ಯಾರೆ ತ್ವಾಟದ ಫೋಟೋ ಅಂತ ತಿಳೀತೈತಿ, ಆವಾಗ ಮಾತ್ರ ತಕರಾರಿಗೆ ಬಲ.

ಚಾಟ್ನಿ ಆದ ವಾರ ಮಕ್ಕಳನ್ನ ಸಾಲಿನಾಗ ಬಿಡಬ್ಯಾಡ್ರಿ. ಕಣ್ಣು (ಚಿಗುರಿನ ಮೊಗ್ಗು) ಒಂದ ಸಮ ಒಡೀಲಿ ಅಂತ ಕಡ್ಡಿಗೆ ಹೈಡ್ರೋಜನ್ ಸಯನಮೈಡ್ ಹಚ್ತಾರ, ನಾವು ಪೇಸ್ಟ್ ಅಂತೀವಿ. ಚರ್ಮ ಸುಡತೈತಿ. ಅದು ಮೈಗೆ ಹತ್ತಿದಾಗ ದಾರು, ವೈನ್ ಏನರ ಕುಡದ್ರ ಮುಖ ಕೆಂಪಾಗಿ, ಎದಿ ಬಡಕೊಂಡು, ವಾಂತಿ ಆಗತೈತಿ. ಪೇಸ್ಟ್ ಹಚ್ಚೋ ಆಳಿಗೆ ಹಿಂದ ಮುಂದ ಕೆಲವು ದಿನ ಕುಡೀಬ್ಯಾಡ ಅಂತ ಹೇಳೂದು ಅದಕ್ಕ. ವೈನ್ ಕುಡಿಸೋ ಜಾಗದಾಗ ತ್ವಾಟ ಅಡ್ಡಾಡಿಸೋ ಮೊದಲು ‘ಇವತ್ತು ಏನು ಹೊಡದೀರಿ’ ಅಂತ ಕೇಳೂದು ನಾಚಿಕಿ ವಿಷಯ ಅಲ್ಲ.

ಸೊಲ್ಲಾಪುರ_ಲೆಕ್ಕಪತ್ರ

ಬಿಲ್ಲಿನಿಂದ ಶುರು ಮಾಡಿ. ಅಲ್ಲಿ ವಾದಕ್ಕೆ ಜಾಗ ಕಡಿಮೆ.

ಕೋಣೆಗೆ ಎರಡೂ ಕೂಡಿ 7,000 ಆಯಿತು. ದಿನಕ್ಕೆ 7,500ರವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5%. 18% ಹಾಕಿದ್ದರೆ ರಾತ್ರಿಗೆ 1,260, ಇರಬೇಕಾದದ್ದು 350. ವ್ಯತ್ಯಾಸ 910 ರೂಪಾಯಿ. ಊಟದ ಮೇಲಿನ 18% ಮಾತ್ರ ಆತುರದಲ್ಲಿ ತಪ್ಪೆನ್ನಬೇಡಿ. ಅದೇ ಆವರಣದಲ್ಲಿ 7,500 ದಾಟಿದ ಕೋಣೆಗಳಿದ್ದರೆ ಅದು ಸರಿಯಿರಬಹುದು. ವೈನ್‌ಗೆ ಜಿಎಸ್‌ಟಿಯೇ ಇಲ್ಲ, ಮದ್ಯಕ್ಕೆ ರಾಜ್ಯದ ವ್ಯಾಟ್. ಬಾಟಲಿ, ಗ್ಲಾಸಿನ ಸಾಲು ಬಿಲ್ಲಿನಲ್ಲಿ ಬೇರೆಯಾಗಿರಬೇಕು.

ಸರ್ವಿಸ್ ಚಾರ್ಜ್ ತಾನಾಗಿ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೌಂಟರಿನಲ್ಲೇ ತೆಗೆಸುವುದು ಸುಲಭ. ಕೊಟ್ಟು ಬಂದಿದ್ದರೆ ಅದರ ಮೇಲೆ ಬಿದ್ದ ಜಿಎಸ್‌ಟಿ ಸೇರಿಸಿ ವಾಪಸ್ ಕೇಳಿ.

ಅತಿ ಗಟ್ಟಿ ಅಂಶ ಆ 1,200. ಪ್ರತ್ಯೇಕ ದುಡ್ಡು ತೆಗೆದುಕೊಂಡು ಮಾತು ಕೊಟ್ಟದ್ದು. ಲಿಸ್ಟಿಂಗ್ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆಯಿರಿ, ನಾಳೆ ಫೋಟೋ ಬದಲಾಗಬಹುದು. ಕಿಟಕಿಯಿಂದ ತೆಗೆದ ಚಿತ್ರ, ಬುಕಿಂಗ್ ದೃಢೀಕರಣ, ಬಿಲ್ಲು ಜೊತೆಗಿಡಿ. ಇನ್‌ಗೂ ಆ್ಯಪ್‌ನ ದೂರು ಅಧಿಕಾರಿಗೂ ಒಂದೇ ಇಮೇಲ್. ‘ತುಂಬಾ ಬೇಸರವಾಯಿತು’ ಎಂದಲ್ಲ, ಇಷ್ಟಕ್ಕೆ ಇಷ್ಟು ಎಂದು ಮೊತ್ತ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ್ಯಪ್‌ನವರು 48 ಗಂಟೆಯಲ್ಲಿ ದೂರು ಸಿಕ್ಕಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ನಾಸಿಕಕ್ಕೆ ಅಲೆಯಬೇಕಿಲ್ಲ, 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, ಮೈಂದರ್ಗಿಯವರಾದರೆ ಸೊಲ್ಲಾಪುರದಲ್ಲೇ ಹಾಕಬಹುದು. ಅವಧಿ ಎರಡು ವರ್ಷ, 5 ಲಕ್ಷದವರೆಗೆ ಶುಲ್ಕವಿಲ್ಲ.

ಡಿಜೆ ವಿಷಯ ಆಮೇಲೆ ಸಾಬೀತು ಮಾಡುವುದು ಕಷ್ಟ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಹಾಗಾಗಿ ಅಲ್ಲಿದ್ದಾಗಲೇ 112ಕ್ಕೆ ಕರೆ ಮಾಡಬೇಕು. ಬುಕ್ ಮಾಡುವಾಗ ‘ಆ ದಿನ ಲಾನ್ ಬಾಡಿಗೆಗೆ ಹೋಗಿದೆಯಾ’ ಎಂದು ಕೇಳಿ, ಉತ್ತರ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಬಿಸಿನೀರಿಗೂ ಹಾಗೆಯೇ: ಸೋಲಾರ್ ಒಂದೇನಾ, ಕೋಣೆಗೊಂದು ಗೀಸರ್ ಇದೆಯಾ? ಮೋಡವಿದ್ದ ದಿನ ಬರೀ ಸೋಲಾರ್ ನಂಬಿದರೆ ಮೊದಲು ಎದ್ದವರಿಗಷ್ಟೇ ಸ್ನಾನ.

ಮೈಂದರ್ಗಿ_ಓಣಿ

910ರ ಲೆಕ್ಕ ನೋಡಿರಲಿಲ್ಲ, ಥ್ಯಾಂಕ್ಸ್ ರೀ. ವೈನ್ ಹುಳಿ ಇದ್ದದ್ದು ಖರೇನೇ ಕೆಟ್ಟಿತ್ತೋ, ನಮಗ ರುಚಿ ಗೊತ್ತಿಲ್ಲೋ? ವಾಪಸ್ ಕೊಡಬಹುದಿತ್ತಾ?

ಕುಂಬ್ಳೆ_ಸರ್ವಿಸ್

ಯಾವ ಹುಳಿ ಅಂತ ನೋಡ್ಬೇಕು. ಡ್ರೈ (ಸಿಹಿ ಇಲ್ಲದ) ಬಿಳಿ ವೈನಿಗೆ ಲಿಂಬೆಯ ಹಾಗೆ ಹುಳಿ ಉಂಟು, ಅದು ದೋಷ ಅಲ್ಲ. ಕೆಂಪಿನಲ್ಲಿ ವಿನೆಗರ್ ಅಥವಾ ನೈಲ್ ಪಾಲಿಶ್ ವಾಸನೆ ಬಂದ್ರೆ ಹೆಚ್ಚಾಗಿ ಬಾಟಲಿ ತೆರೆದು ಹೊರಗೆ ಇಟ್ಟದ್ದು ಅಂತ ಲೆಕ್ಕ. ತೆರೆದದ್ದು ಮುಚ್ಚಿ ಫ್ರಿಜ್ಜಲ್ಲಿಟ್ರೆ ಮೂರರಿಂದ ಐದು ದಿನ, ಅಕ್ಟೋಬರ್ ಸೆಕೆಯಲ್ಲಿ ಕೌಂಟರ್ ಮೇಲೆ ಇಟ್ರೆ ಅಷ್ಟು ಸಹ ಇಲ್ಲ. ಒದ್ದೆ ರಟ್ಟಿನ ವಾಸನೆ ಆದ್ರೆ ಕಾರ್ಕಿನ ದೋಷ, ಸ್ಕ್ರೂ ಮುಚ್ಚಳದ ಬಾಟಲಿಯಲ್ಲಿ ಅದು ಅಪರೂಪ.

ಇನ್ನೊಂದು ಸಾಧ್ಯತೆ, ವೈನ್ ಸರಿ ಇದ್ದು ಬಿಸಿ ಆಗಿರುವುದು. ಕೆಂಪು ವೈನ್ 16ರಿಂದ 18 ಡಿಗ್ರಿಯಲ್ಲಿ ಕೊಡ್ಬೇಕು. ‘ರೂಮ್ ಟೆಂಪರೇಚರ್’ ಅಂತ 30 ಡಿಗ್ರಿಯಲ್ಲಿ ಕೊಟ್ರೆ ಆಲ್ಕೋಹಾಲ್ ಮೂಗಿಗೆ ಹೊಡೀತದೆ. ಐಸ್ ಮತ್ತು ನೀರು ಹಾಕಿದ ಬಕೆಟ್‌ನಲ್ಲಿ 10-15 ನಿಮಿಷ ಇಡ್ಲಿಕ್ಕೆ ಹೇಳಿ. ಆಮೇಲೂ ವಿನೆಗರ್ ವಾಸನೆ ಹೋಗದಿದ್ರೆ ವಾಪಸ್ ಕೊಡಿ, ಆದ್ರೆ ಒಂದು ಗುಟುಕಿನಲ್ಲೇ. ಗ್ಲಾಸ್ ಖಾಲಿ ಮಾಡಿ ಹೇಳಿದ್ರೆ ಯಾರೂ ಒಪ್ಪುವುದಿಲ್ಲ. ಟೇಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಬಗೆ 30 ಮಿಲಿ, ‘ಇದು ಯಾವಾಗ ತೆರೆದದ್ದು’ ಅಂತ ಮೊದಲೇ ಕೇಳಿ.

ಜನವರಿ ಕೊನೆಗೆ ಹೋಗುವುದಾದ್ರೆ 26 ಮತ್ತು 30 ಮಹಾರಾಷ್ಟ್ರದಲ್ಲಿ ಡ್ರೈ ಡೇ. ಟೇಸ್ಟಿಂಗ್ ಸೇರಿದ ಪ್ಯಾಕೇಜ್ ಆ ದಿನಕ್ಕೆ ತಗೊಳ್ಬೇಡಿ.