ಎಂಜಿಬಿ ಜಿಟಿಯ ಟಾಪ್ ಕತ್ತರಿಸಿ ಓಪನ್ ಕಾರು ಮಾಡಬಹುದಾ?

ಸಕಲೇಶಪುರದವನು, ಡಿಡ್‌ಕಾಟ್:

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನಲ್ಲಿ. ನನ್ನ ಹತ್ತಿರ 1972ರ ಎಂಜಿಬಿ ಜಿಟಿ ಇದೆ, ಎಂಜಿ ಕಂಪನಿಯ ಚಾವಣಿ ಇರುವ ಹಳೇ ಸ್ಪೋರ್ಟ್ಸ್ ಕಾರು. ಟೀಲ್ ಬ್ಲೂ ಬಣ್ಣ, ಕ್ರೋಮ್ ಬಂಪರ್, 1798 ಸಿಸಿ ಇಂಜಿನ್. ಮೂರು ವರ್ಷದ ಹಿಂದೆ ಪಕ್ಕದ ಬೀದಿಯ ಅಜ್ಜ ಒಬ್ಬರಿಂದ ತಗೊಂಡೆ. ಈ ಕಾರು ತಯಾರಾದದ್ದು ಆ್ಯಬಿಂಗ್ಡನ್‌ನಲ್ಲಿ. ನಮ್ಮ ಮನೆಗೆ ತೀರಾ ಹತ್ತಿರದ ಊರು.

ನಮ್ಮ ತೋಟದಲ್ಲಿ ಅಪ್ಪನದೊಂದು ಹಳೇ ಜೀಪು ಇತ್ತು. ಬೇಸಿಗೆಯಲ್ಲಿ ಅದರ ಟಾರ್ಪಾಲು ಬಿಚ್ಚಿಡುತ್ತಿದ್ದರು. ಮೊದಲ ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಆ ಜೀಪಿನಲ್ಲಿ ಹೋದರೆ ಮೈಗೆಲ್ಲ ಹೂವಿನ ವಾಸನೆ ಹತ್ತುತ್ತಿತ್ತು. ಅಮ್ಮ ಮುಂದೆ ಕೂತು ಹಾರುವ ಸೆರಗನ್ನು ಹಿಡಿದುಕೊಳ್ಳುತ್ತಿದ್ದರು. ಮುಚ್ಚಿದ ಕಾರಾದರೆ ಅವರಿಗೆ ಹತ್ತೇ ನಿಮಿಷಕ್ಕೆ ಹೊಟ್ಟೆ ತೊಳೆಸುತ್ತದೆ. ಅಪ್ಪ ಹೋಗಿ ಎರಡು ವರ್ಷವಾಯಿತು. ಜುಲೈನಲ್ಲಿ ಅಮ್ಮ ಇಲ್ಲಿಗೆ ಬರುತ್ತಾರೆ. ಅವರನ್ನು ಬೈಬರಿ, ಬರ್ಫರ್ಡ್ ಕಡೆ ಹಳ್ಳಿ ರಸ್ತೆಗಳಲ್ಲಿ ತೆರೆದ ಕಾರಲ್ಲಿ ಸುತ್ತಿಸಬೇಕು ಅನ್ನೋದು ನನ್ನ ಆಸೆ.

ಒಂದು ಗ್ಯಾರೇಜಿನವರು 4,000 ಪೌಂಡಿಗೆ ಮೇಲಿನ ಭಾಗ ಕತ್ತರಿಸಿ, ರೋಡ್‌ಸ್ಟರ್‌ನ (ಇದೇ ಕಾರಿನ ತೆರೆದ ಮಾದರಿ) ಗಾಜು, ಬಟ್ಟೆಯ ಟಾಪು ಕೂರಿಸಿಕೊಡುತ್ತೇವೆ ಅಂದಿದ್ದಾರೆ. ಮಾಡಿಸಲಾ? ಯಾರಾದರೂ ಮಾಡಿಸಿದವರು ಇದ್ದೀರಾ?

ಕವೆಂಟ್ರಿ ಕನ್ನಡಿಗ:

ನಾನು ಕಾರಿನ ಬಾಡಿ ವಿನ್ಯಾಸದಲ್ಲೇ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ 1969ರ ಎಂಜಿಬಿ ರೋಡ್‌ಸ್ಟರ್ ಇದೆ. ಅದರ ತಳವನ್ನು ನಾನೇ ವೆಲ್ಡ್ ಮಾಡಿದ್ದೇನೆ. ದಯವಿಟ್ಟು ಕತ್ತರಿಸಬೇಡಿ.

ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಹೊರಗೆ ಎಳೆದು, ಎರಡೂ ತುದಿ ಹಿಡಿದು ತಿರುಚಿ. ಸುಲಭವಾಗಿ ತಿರುಚಿಕೊಳ್ಳುತ್ತದೆ. ಅದನ್ನೇ ಹೊರಪೊಟ್ಟಣದ ಒಳಗೆ ತಳ್ಳಿ ಮತ್ತೆ ತಿರುಚಿ. ಗಟ್ಟಿ ಇರುತ್ತದೆ, ಅಲ್ವಾ? ಬೇರೆ ಚಾಸಿ ಇಲ್ಲದ, ಬಾಡಿಯೇ ಚಾಸಿಯಾಗಿರುವ ಕಾರುಗಳಲ್ಲಿ ಚಾವಣಿ ಮಾಡುವ ಕೆಲಸ ಅದು. ಮುಚ್ಚಿದ ಕಾರು ಅಂತಲೇ ವಿನ್ಯಾಸ ಮಾಡಿದ್ದನ್ನು ಕತ್ತರಿಸಿದರೆ ನಡು ಬಗ್ಗುತ್ತದೆ.

ಎಂಜಿಬಿ ವಿಷಯದಲ್ಲಿ ಇದು ಉಲ್ಟಾ. 1962ರಲ್ಲಿ ಮೊದಲು ಬಂದದ್ದೇ ತೆರೆದ ರೋಡ್‌ಸ್ಟರ್. ಇಟಲಿಯ ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾ ಕೈಯಾಡಿಸಿದ ಚಾವಣಿಯ ಜಿಟಿ ಬಂದದ್ದು 1965ರಲ್ಲಿ. ಹಾಗಾಗಿ ತಳದ ಗಟ್ಟಿತನ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಬಾಗಿಲ ಕೆಳಗಿನ ಸಿಲ್‌ಗಳೇ ಇಡೀ ಕಾರನ್ನು ಹೊರುವುದು. ಆ ಸಿಲ್ ಒಂದೇ ತಗಡಲ್ಲ. ಹೊರಗಿನದು, ಒಳಗಿನದು, ಇವೆರಡರ ನಡುವೆ ನೆಟ್ಟಗೆ ನಿಂತ ಮತ್ತೊಂದು ಹಾಳೆ, ಅಡಿಯಲ್ಲಿ ಕ್ಯಾಸಲ್ ರೈಲ್ ಅನ್ನುವ ಉದ್ದ ಪಟ್ಟಿ. ಇಷ್ಟೂ ಸೇರಿ ಒಂದು ಪೆಟ್ಟಿಗೆ.

ನಿಮ್ಮ ಗ್ಯಾರೇಜಿನವರಿಗೆ ಧೈರ್ಯ ಬಂದಿರುವುದೂ ಇದರಿಂದಲೇ ಇರಬೇಕು. ಆದರೆ ಐವತ್ತು ವರ್ಷ ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ತಿಂದ ಸಿಲ್ ಅದು. ರೋಡ್‌ಸ್ಟರ್‌ನಲ್ಲಿ ಸಿಲ್ ಸೊರಗಿದರೆ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಜಿಟಿಯಲ್ಲಿ ಚಾವಣಿ ಎಲ್ಲವನ್ನೂ ಎಳೆದು ಹಿಡಿದಿರುತ್ತದೆ. ಒಳಗೆ ಪೂರ್ತಿ ಕೊಳೆತಿದ್ದರೂ ಕಾರು ನೆಟ್ಟಗೆ ಕಾಣುತ್ತದೆ. ಅಂಥ ಕಾರಿನ ಚಾವಣಿಗೆ ತಗಡು ಕತ್ತರಿಸುವ ಗ್ರೈಂಡರ್ ಇಟ್ಟರೆ ಬಾಗಿಲ ಸಂದು ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ.

ಈ ಶನಿವಾರ ಒಂದು ಕೆಲಸ ಮಾಡಿ. ಬಾಗಿಲ ಹಿಂದಿನ ಸಂದಿಯನ್ನು ಮೇಲೆ, ಕೆಳಗೆ ಎರಡೂ ಕಡೆ ಅಳೆದು ಬರೆದುಕೊಳ್ಳಿ. ಆ ಬದಿಯ ಜಾಕಿಂಗ್ ಪಾಯಿಂಟ್‌ಗೆ ಜಾಕ್ ಕೊಟ್ಟು ಎತ್ತಿ. ಮತ್ತೆ ಅಳೆಯಿರಿ. ಬಾಗಿಲು ತೆಗೆದು ಹಾಕಿ ನೋಡಿ. ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ ಆಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿರುವುದು ಪುಟ್ಟಿ.

ಕತ್ತರಿಸುವುದಕ್ಕಷ್ಟೇ ಕೆಲಸ ಮುಗಿಯುವುದೂ ಇಲ್ಲ. ಜಿಟಿಯ ಮುಂದಿನ ಗಾಜು ರೋಡ್‌ಸ್ಟರ್‌ಗಿಂತ ಎತ್ತರ. ಬಾಗಿಲ ಗಾಜುಗಳೂ ಬೇರೆ. ಹಿಂದಿನ ಡೆಕ್, ಡಿಕ್ಕಿ ಬಾಗಿಲು, ಹಿಂದಿನ ರೆಕ್ಕೆಗಳ (ಚಕ್ರಗಳ ಮೇಲಿನ ತಗಡು) ಮೇಲ್ಭಾಗ ಎಲ್ಲ ಹೊಸದಾಗಬೇಕು. 4,000 ಪೌಂಡಿಗೆ ಇಷ್ಟನ್ನೂ ಸರಿಯಾಗಿ ಮಾಡಲು ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಬಸವನಗುಡಿ ಹೆರಾಲ್ಡ್:

ನಮ್ಮ ದೊಡ್ಡಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಈಗ ನನ್ನ ಹತ್ತಿರ ಇದೆ. ಮದ್ರಾಸಿನಲ್ಲಿ ತಯಾರಾದ ಕಾರು. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಚಾವಣಿ ನಿಂತಿರುವುದು ಬೋಲ್ಟುಗಳ ಮೇಲೆ. ಟಿಂಕರಿಂಗ್ ಮಾಡಿಸುವಾಗ ನಾಲ್ಕು ಜನ ಹಿಡಿದು ಚಾವಣಿಯನ್ನು ಎತ್ತಿ ಪಕ್ಕದ ಗೋಡೆಗೆ ಒರಗಿಸಿದ್ದೆವು! ಇಂಗ್ಲೆಂಡಿನಲ್ಲಿ ಇದರ ಮೂಲವಾದ ಟ್ರಯಂಫ್ ಹೆರಾಲ್ಡ್ ಇಟ್ಟವರು ಸಲೂನ್ ಕಾರನ್ನು ಹೀಗೇ ಓಪನ್ ಮಾಡಿಕೊಳ್ಳುತ್ತಾರೆ. ನಿಮ್ಮ ಕಾರಿನಲ್ಲಿ ಆ ಅನುಕೂಲ ಇಲ್ಲವಲ್ಲ.

ನನಗೂ ಹಾಗೇ ಓಡಿಸಬೇಕು ಅಂತ ತುಂಬಾ ಆಸೆಯಾಗಿತ್ತು. ಆದರೆ ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಗಾಡಿಯ ರೂಪ ಬದಲಾಯಿಸಿ ಆರ್‌ಸಿಗೆ ತಾಳೆಯಾಗದ ಹಾಗೆ ಮಾಡುವಂತಿಲ್ಲ. ಬಣ್ಣ ಒಣಗಿದ ಮೇಲೆ ಚಾವಣಿ ವಾಪಸ್ ಕೂರಿಸಿದೆ.

ಸಕಲೇಶಪುರದವನು:

ಇಬ್ಬರಿಗೂ ತುಂಬಾ ಧನ್ಯವಾದ. ಕವೆಂಟ್ರಿ ಸರ್, ಒಂದು ಅನುಮಾನ. ಫೆರಾರಿ ಡೇಟೋನಾದ ಕೂಪೆಗಳನ್ನೇ (ಚಾವಣಿ ಇರುವವು) ಕತ್ತರಿಸಿ ಸ್ಪೈಡರ್ (ತೆರೆದ ಕಾರು) ಮಾಡಿದ್ದಾರೆ ಅಂತ ಓದಿದ್ದೆ. ಅಷ್ಟು ದುಬಾರಿ ಕಾರಿಗೇ ಮಾಡಿದ್ದಾರೆ ಅಂದ ಮೇಲೆ ಒಳ್ಳೇ ಕೈಗೆ ಕೊಟ್ಟರೆ ಆಗಬಹುದಲ್ವಾ?

ಕವೆಂಟ್ರಿ ಕನ್ನಡಿಗ:

ಆಗುತ್ತದೆ. ಕೆಂಟ್‌ನ ವೆಸ್ಟರ್‌ಹ್ಯಾಮ್‌ನಲ್ಲಿ ಕ್ರೇಫರ್ಡ್ ಅನ್ನುವವರು ಮಿನಿ, ಕಾರ್ಟಿನಾ ಕಾರುಗಳನ್ನು ಓಪನ್ ಮಾಡಿ ಮಾರುತ್ತಿದ್ದರು. ಇಂಥ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ತಳಕ್ಕೆ ಬಲ ಕೊಡಬೇಕು. ಬಾಗಿಲ ಜಾಗಕ್ಕೆ ಅಡ್ಡಲಾಗಿ ಚೌಕ ಪೈಪು ವೆಲ್ಡ್ ಮಾಡಿ ಅಳತೆ ಕದಲದ ಹಾಗೆ ಕಟ್ಟಬೇಕು. ಗ್ರೈಂಡರ್ ಕೈಗೆ ತಗೊಳ್ಳುವುದು ಆಮೇಲೆ. ನಿಮ್ಮ ಗ್ಯಾರೇಜಿನವರು ಸಿಲ್ ಬಗ್ಗೆ ಒಂದು ಮಾತಾದರೂ ಆಡಿದರಾ? ಅದೇ ನನ್ನ ಚಿಂತೆ.

ಡೇಟೋನಾದಲ್ಲಿ ಅಸಲಿ ಸ್ಪೈಡರ್‌ಗಳು ಇರುವುದು ನೂರಿಪ್ಪತ್ತರ ಸುಮಾರು. ಅದಕ್ಕೇ ಜನ ಕೂಪೆ ಕತ್ತರಿಸಿದರು. ಹಾಗೆ ಕತ್ತರಿಸಿದವಕ್ಕೆ ಇವತ್ತಿಗೂ ಅಸಲಿ ಸ್ಪೈಡರ್‌ನ ಬೆಲೆ ಇಲ್ಲ. ಎಂಜಿಬಿಗೆ ಆ ಕೊರತೆಯೇ ಇಲ್ಲ. ಜಿಟಿಗಳ ಮೂರರಷ್ಟು ರೋಡ್‌ಸ್ಟರ್‌ಗಳು ತಯಾರಾಗಿವೆ. ಪೂರ್ತಿ ಓಪನ್ ಕಾರೇ ಬೇಕು ಅಂದರೆ ಇದನ್ನು ಮಾರಿ ರೋಡ್‌ಸ್ಟರ್ ತಗೊಳ್ಳಿ.

ಕಾಗದಪತ್ರದ ತೊಂದರೆಯೂ ಇದೆ. 40 ವರ್ಷ ದಾಟಿದ ಕಾರಿಗೆ ಸಿಗುವ ಎಂಒಟಿ (ಇಲ್ಲಿನ ವಾರ್ಷಿಕ ವಾಹನ ತಪಾಸಣೆ) ವಿನಾಯಿತಿ, ಕಳೆದ 30 ವರ್ಷದಲ್ಲಿ ದೊಡ್ಡ ಬದಲಾವಣೆ ಆಗಿಲ್ಲದಿದ್ದರೆ ಮಾತ್ರ. ಬಾಡಿಯ ಮೂಲ ರಚನೆ ಬದಲಾದರೆ ಅದು ಹೋಗಬಹುದು. ಇನ್ಶೂರೆನ್ಸ್‌ನವರಿಗೂ ಹೇಳಲೇಬೇಕು.

ಅಮ್ಮನಿಗೆ ಗಾಳಿ ಬೇಕು, ಮೇಲೆ ಆಕಾಶ ಕಾಣಬೇಕು, ಅಷ್ಟೇ ತಾನೇ? ಹಾಗಾದರೆ ವೆಬ್ಯಾಸ್ಟೋ ಹಾಕಿಸಿ. ಹಿಂದಕ್ಕೆ ಮಡಚಿಕೊಳ್ಳುವ ಬಟ್ಟೆಯ ಸನ್‌ರೂಫ್ ಅದು. ಈ ದೇಶದ ಎಷ್ಟೋ ಜಿಟಿಗಳಲ್ಲಿ ನೋಡುತ್ತೀರಿ. ಚಾವಣಿಯ ನಡುವಿನ ತಗಡು ಮಾತ್ರ ಹೋಗುತ್ತದೆ. ಬಾಗಿಲುಗಳ ಮೇಲಿನ ಉದ್ದ ಕಂಬಿಗಳು, ಮುಂದಿನ ಹಿಂದಿನ ಅಡ್ಡ ತೊಲೆಗಳು ಹಾಗೇ ಉಳಿಯುತ್ತವೆ. ಎರಡೂ ಕಡೆ ಗಾಜು ಇಳಿಸಿದರೆ ಬೇಕಾದಷ್ಟು ಗಾಳಿ. ಆದರೆ ಮೊದಲು ಸಿಲ್ ನೋಡಿ.

ಸಕಲೇಶಪುರದವನು:

ಆರು ವಾರ ಆಯಿತು, ತಿಳಿಸುವುದು ತಡವಾಯಿತು, ಕ್ಷಮಿಸಿ.

ಹೇಳಿದ ಹಾಗೇ ಜಾಕ್ ಕೊಟ್ಟೆ. ಎಡಗಡೆ ಏನೂ ಕದಲಲಿಲ್ಲ. ಬಲಗಡೆ, ಅಂದರೆ ಡ್ರೈವರ್ ಬಾಗಿಲ ಕಡೆ, 5 ಮಿಲಿಮೀಟರ್ ಇದ್ದ ಸಂದು 3ಕ್ಕೆ ಬಂತು. ಬಾಗಿಲು ತೆಗೆಯಲು ಹೋದರೆ ಕೆಳಗೆ ಉಜ್ಜಿತು. ಅಯಸ್ಕಾಂತ ಒಂದು ಗೇಣು ಉದ್ದಕ್ಕೆ ಎಲ್ಲೂ ಹಿಡಿಯಲಿಲ್ಲ. ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯ ತನಕ ಒಳಗೆ ಹೋಯಿತು. ಒಳಗಿನ ಆ ನಡು ಹಾಳೆ ಹಿಂದಿನ ಚಕ್ರದ ಹತ್ತಿರ ಇಲ್ಲವೇ ಇಲ್ಲ. ಯಾರೋ ಯಾವಾಗಲೋ ಹೊರಗಿನಿಂದ ಪುಟ್ಟಿ ಬಳಿದು ಬಣ್ಣ ಹೊಡೆದು ಬಿಟ್ಟಿದ್ದಾರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಕಾರು ಹಾಳಾಗಿದೆ ಅನ್ನೋದಕ್ಕಿಂತ, ಈ ಕಾರಿನ ಚಾವಣಿ ತೆಗೆಸಿ ಅಮ್ಮನನ್ನು ಕೂರಿಸಲು ಹೊರಟಿದ್ದೆನಲ್ಲ ಅನ್ನೋ ಭಯ.

ಕತ್ತರಿಸುವ ಯೋಚನೆ ಬಿಟ್ಟೆ. 4,000 ಪೌಂಡಿನ ಅರ್ಧ ಭಾಗ ಸಿಲ್‌ಗೇ ಹೋಯಿತು. ಬಲಗಡೆ ಮೂರು ಹಾಳೆ, ಕ್ಯಾಸಲ್ ರೈಲ್ ಎಲ್ಲ ಹೊಸದು. ಬಾಗಿಲ ಜಾಗಕ್ಕೆ ಪೈಪು ಕಟ್ಟಿಯೇ ಮಾಡಿಸಿದೆ. ಈಗ ಜಾಕ್ ಕೊಟ್ಟರೆ ಸಂದು 5 ಅಂದರೆ 5.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ತುಂಬಾ ಹೊತ್ತು ಕೇಳಿಸಿಕೊಂಡು, "ಸೆರಗು ಹಾರುತ್ತೇನೋ ಅದ್ರಲ್ಲಿ?" ಅಂದರು. ಹಾರುತ್ತಮ್ಮ ಅಂದೆ.

ಜಿಟಿಗೆ ಹೊಂದುವ ಹಳೇ ವೆಬ್ಯಾಸ್ಟೋ ಫ್ರೇಮ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಬಟ್ಟೆ ಹರಿದಿದ್ದರೂ ಪರವಾಗಿಲ್ಲ, ಹೊಸದು ಹೊಲಿಸಿಕೊಳ್ಳುತ್ತೇನೆ. ಜೂನ್ ಕೊನೆಯೊಳಗೆ ಸಿಕ್ಕಿದರೆ ನಾನೇ ಬಂದು ತಗೊಂಡು ಹೋಗುತ್ತೇನೆ.